ಗಾಳಿ ಫ್ಯಾನಿಗೆ ಹೊರದೇಶದ ಸಾಲ: ಹೊಲ ಕೆಟ್ಟರೆ ಸಾಲ ಕೊಟ್ಟವರನ್ನು ಕೇಳಬಹುದಾ?

ಎರಿಹೊಲ_ಕುಕನೂರು

ಯಲಬುರ್ಗಾ, ಕುಕನೂರು ಕಡೆ ಎರಿ ಹೊಲದಾಗ ಗಾಳಿ ಫ್ಯಾನ್ ನಿಲ್ಲಸಾಕ ಕ್ರೇನ್ ದಾರಿ ಮಾಡ್ಯಾರ. ಗರಸು ಹಾಕಿ ಹೊಲಕ್ಕಿಂತ ಎರಡು ಫೂಟು ಎತ್ತರ ಎಬ್ಬಿಸ್ಯಾರ. ಮೊದಲು ಮಳಿ ನೀರು ಹೊಲದಿಂದ ಹೊಲಕ್ಕ ಹರಿದು ಹಳ್ಳ ಸೇರತಿತ್ತು. ಈಗ ದಾರಿಗೆ ಅಡ್ಡ ನಿಂತು ಮ್ಯಾಲಿನ ಹೊಲದಾಗ ಹಿಂಗಾರಿ ಕಡ್ಲಿ ಕೊಳಿಯಾಕತ್ತೈತಿ. ಕಂಪನಿಯವ್ರನ್ನ ಕೇಳಿದ್ರ ಗುತ್ತಿಗೆದಾರನ ಕಡೆ ಬಟ್ಟು ಮಾಡ್ತಾರ, ಗುತ್ತಿಗೆದಾರ ಕೆಲಸ ಮುಗಿಸಿ ಹೋಗ್ಯಾನ. ಪರಿಸರ ಅನುಮತಿ ಪತ್ರ ತೋರಸ್ರಿ ಅಂದ್ರ ನಮಗ ಅದು ಬೇಕಾಗಿಲ್ಲ ಅಂತಾರ. ಖರೇನಾ? ಕಂಪನಿಗೆ ಹೊರದೇಶದ ಬ್ಯಾಂಕಿನ ರೊಕ್ಕ ಬಂದೈತಿ ಅಂತ ಸುದ್ದಿ ಐತಿ. ಹಂಗಿದ್ರ ಆ ಬ್ಯಾಂಕಿಗೆ ಬರೀಬಹುದಾ? ಬರದ್ರ ಏನಾರ ಆಗತೈತಾ? ತಿಳಿದವ್ರು ಹೇಳ್ರಿ.

ನಿಯಮ_ನೋಡು

ಅನುಮತಿ ಬೇಕಿಲ್ಲ ಅನ್ನೋದು ಖರೆ ರೀ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ. ಉಕ್ಕಿನ ಕಾರ್ಖಾನೆ ಆಗಿದ್ದರೆ ಜಿಲ್ಲಾಧಿಕಾರಿ ಸಮ್ಮುಖದಲ್ಲಿ ಅಹವಾಲು ಸಭೆ, ಅದಕ್ಕೆ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ, ವರದಿಯ ಸಾರಾಂಶ ಕನ್ನಡದಲ್ಲಿ, ಇದೆಲ್ಲ ಕಡ್ಡಾಯ. ಗಾಳಿ ಫ್ಯಾನಿಗೆ ಇದ್ಯಾವುದೂ ಇಲ್ಲ. ಹಸಿರು ವಿದ್ಯುತ್ ಅನ್ನುವ ಹೆಸರಿನಲ್ಲಿ ಕಾನೂನು ಹೊಲದ ಬದುವಿನಾಚೆಗೇ ನಿಂತುಬಿಟ್ಟಿದೆ. ಹಾಗಾಗಿ ಸಾಲ ಕೊಟ್ಟವರು ಅಂತಾರಾಷ್ಟ್ರೀಯ ಸಂಸ್ಥೆಯಾಗಿದ್ದರೆ ಅವರ ನಿಯಮವೇ ನಿಮ್ಮ ಕೈಗೆ ಸಿಗುವ ದೊಡ್ಡ ಕಾಗದ.

ವಿಶ್ವಬ್ಯಾಂಕ್ ಗುಂಪಿನಲ್ಲಿ ಖಾಸಗಿ ಕಂಪನಿಗಳಿಗೆ ದುಡ್ಡು ಕೊಡುವುದು ಐಎಫ್‌ಸಿ. ಅದರ ಕಾರ್ಯ ಮಾನದಂಡಗಳು ಎಂಟು, ಈಗ ಜಾರಿಯಲ್ಲಿರುವುದು 2012ರ ಆವೃತ್ತಿ. ಇದರ ಜತೆಗೆ ವಿಶ್ವಬ್ಯಾಂಕ್ ಗುಂಪಿನ ಪರಿಸರ, ಆರೋಗ್ಯ, ಸುರಕ್ಷತಾ ಮಾರ್ಗಸೂಚಿ ಇದೆ. ಗಾಳಿ ವಿದ್ಯುತ್ತಿಗೇ ಪ್ರತ್ಯೇಕವಾದದ್ದು 2015ರಲ್ಲಿ ಬಂತು. ರೆಕ್ಕೆಯ ನೆರಳು ಮನೆ ಮೇಲೆ ಮಿಣಮಿಣ ಹಾಯುವುದು ವರ್ಷಕ್ಕೆ 30 ಗಂಟೆ, ಅತಿ ಹೆಚ್ಚು ಬೀಳುವ ದಿನದಲ್ಲೂ 30 ನಿಮಿಷ ಮೀರಬಾರದು ಅನ್ನುತ್ತದೆ ಅದು. ಸದ್ದಿನ ಮಿತಿ ಸಾಮಾನ್ಯ ಮಾರ್ಗಸೂಚಿಯಲ್ಲಿದೆ: ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್. ನಮ್ಮ ಕಾನೂನಿಗೂ ಮಾರ್ಗಸೂಚಿಗೂ ವ್ಯತ್ಯಾಸವಿದ್ದರೆ ಯಾವುದು ಬಿಗಿಯೋ ಅದನ್ನೇ ಪಾಲಿಸಬೇಕು.

ನೀರು ನಿಲ್ಲುವ ವಿಚಾರದಲ್ಲಿ ಒಂದು ಎಚ್ಚರ. ಎಲ್ಲರೂ ಇದನ್ನು 5ನೇ ಮಾನದಂಡದ ಅಡಿ, ಅಂದರೆ ಭೂಸ್ವಾಧೀನ ಮತ್ತು ಪುನರ್ವಸತಿಯ ಅಡಿ ಬರೆಯುತ್ತಾರೆ. ದಾರಿಗೆ ಜಮೀನು ಕೊಟ್ಟವನಿಗೆ ಅದು ಸರಿ. ಜಮೀನು ಕೊಡದೆ ಪಕ್ಕದಲ್ಲಿದ್ದು ಬೆಳೆ ಕಳೆದುಕೊಂಡವನಿಗೆ 5 ಅನ್ವಯ ಆಗುವುದಿಲ್ಲ. ಅವನದ್ದು 1ನೇ ಮಾನದಂಡ: ಪರಿಣಾಮವನ್ನು ಗುರುತಿಸಿ, ತಪ್ಪಿಸಿ, ತಪ್ಪಿಸಲಾಗದಿದ್ದರೆ ಕಡಿಮೆ ಮಾಡಿ, ಉಳಿದದ್ದಕ್ಕೆ ಪರಿಹಾರ ಕೊಡು ಅನ್ನುವ ಕ್ರಮ. ಗುತ್ತಿಗೆದಾರ ಮಾಡಿದ ಹಾನಿಯೂ ಕಂಪನಿಯ ಹೊಣೆಯೇ, ಅದೂ 1ರಲ್ಲೇ ಇದೆ. ಹಾಗಾಗಿ ಆ ಬಟ್ಟು ಮಾಡುವ ಆಟ ಅಲ್ಲಿ ನಡೆಯುವುದಿಲ್ಲ.

ಲೆಕ್ಕದ_ಬುಕ್ಕು

ಸುದ್ದಿ ಐತಿ ಅಂದರೆ ಸಾಲದು, ಯಾರ ದುಡ್ಡು ಅನ್ನುವುದು ಕಾಗದದಲ್ಲಿ ಸಿಗಬೇಕು. ಹುಡುಕುವ ದಾರಿ ಹೀಗಿದೆ.

ಮೊದಲು ಲೀಸ್ ಕರಾರು ತೆಗೆದು ನೋಡಿ. ಗೋಪುರದ ಮೇಲಿನ ದೊಡ್ಡ ಬ್ರ್ಯಾಂಡ್ ಹೆಸರು ಬೇಡ, ಕರಾರಿಗೆ ಸಹಿ ಹಾಕಿದ ಪ್ರೈವೇಟ್ ಲಿಮಿಟೆಡ್ ಯಾವುದು ನೋಡಿ. ಪ್ರತಿ ಯೋಜನೆಗೂ ಒಂದೊಂದು ಮರಿ ಕಂಪನಿ ಮಾಡಿರುತ್ತಾರೆ. ಆ ಹೆಸರು ಹಾಕಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಚಾರ್ಜ್ ಪಟ್ಟಿ ನೋಡಿ, ಅಂದರೆ ಯಾವ ಆಸ್ತಿ ಯಾರಿಗೆ ಅಡವು ಎಂಬ ದಾಖಲೆ. ಪಟ್ಟಿ ನೋಡಲು ದುಡ್ಡಿಲ್ಲ. ಮೂಲ ದಾಖಲೆ ತೆರೆಯಲು 100 ರೂಪಾಯಿ ಶುಲ್ಕ.

ಹತ್ತರಲ್ಲಿ ಎಂಟು ಜನ ಸೋಲುವುದು ಇಲ್ಲೇ. ಪಟ್ಟಿಯಲ್ಲಿ ಬ್ಯಾಂಕಿನ ಹೆಸರು ಇರುವುದಿಲ್ಲ, ಯಾವುದೋ ಟ್ರಸ್ಟಿ ಕಂಪನಿಯ ಹೆಸರಿರುತ್ತದೆ. ಸಾಲ ಕೊಟ್ಟ ನಾಲ್ಕಾರು ಸಂಸ್ಥೆಗಳ ಪರವಾಗಿ ಅಡವು ಹಿಡಿದುಕೊಳ್ಳುವ ಸೆಕ್ಯುರಿಟಿ ಟ್ರಸ್ಟಿ ಅದು. ಓಹೋ, ವಿದೇಶಿ ಬ್ಯಾಂಕ್ ಇಲ್ಲ ಅಂದುಕೊಂಡು ಮುಚ್ಚಿಬಿಡುತ್ತಾರೆ. 100 ರೂಪಾಯಿ ಕೊಟ್ಟು ಒಳಗಿನ ಒಪ್ಪಂದ ಪತ್ರ ತೆರೆದರೆ ಅನುಬಂಧದಲ್ಲಿ ಸಾಲ ಕೊಟ್ಟವರ ಹೆಸರು, ಮೊತ್ತ ಎರಡೂ ಇರುತ್ತವೆ.

ಇನ್ನೊಂದು ಸುಲಭದ ದಾರಿ, ಕಂಪನಿಗಳ ಸಾಲ ತೀರಿಸುವ ಶಕ್ತಿ ಅಳೆಯುವ ರೇಟಿಂಗ್ ಕಂಪನಿಗಳ ವರದಿ. ಕ್ರಿಸಿಲ್, ಇಕ್ರಾ, ಕೇರ್ ಇವರ ಜಾಲತಾಣಗಳಲ್ಲಿ ಮರಿ ಕಂಪನಿಯ ಹೆಸರು ಹಾಕಿ. ವರದಿಯ ಕೊನೆಯಲ್ಲಿ ಬ್ಯಾಂಕುವಾರು ಪಟ್ಟಿ ಸಿಗುತ್ತದೆ. ಅಲ್ಲೂ ಇಲ್ಲದಿದ್ದರೆ ತಾಯಿ ಕಂಪನಿಗೆ ಹೋಗಿ. ಎಷ್ಟೋ ಸಲ ಐಎಫ್‌ಸಿ ಸಾಲ ಕೊಟ್ಟಿರುವುದಿಲ್ಲ, ಮೇಲಿನ ಕಂಪನಿಯಲ್ಲಿ ಷೇರು ಕೊಂಡಿರುತ್ತದೆ. ಐಎಫ್‌ಸಿ, ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್), ಎಐಐಬಿ (ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕ್) ಮೂವರ ಯೋಜನಾ ಪಟ್ಟಿಯಲ್ಲೂ ತಾಯಿ ಕಂಪನಿಯ ಹೆಸರಲ್ಲೇ ಹುಡುಕಬೇಕು. ಐಎಫ್‌ಸಿಯಲ್ಲಿ ಎ ವರ್ಗದ (ಪರಿಸರ ಅಪಾಯ ಹೆಚ್ಚಿರುವ) ಯೋಜನೆಯ ಪರಿಸರ ಸಾರಾಂಶ ಆಡಳಿತ ಮಂಡಳಿ ತೀರ್ಮಾನಕ್ಕೆ 60 ದಿನ ಮೊದಲು, ಅಪಾಯ ಕಡಿಮೆ ಇರುವ ಬಿ ವರ್ಗದ್ದು 30 ದಿನ ಮೊದಲು ಬಹಿರಂಗ ಆಗಬೇಕು. ಆ ಸಾರಾಂಶದಲ್ಲಿ ಕಂಪನಿ ಏನೇನು ಮಾಡುತ್ತೇನೆ ಅಂತ ಒಪ್ಪಿದೆ ಎಂಬ ಪಟ್ಟಿಯೂ, ಗಡುವೂ ಇರುತ್ತದೆ. ಅದೇ ನಿಮ್ಮ ಚಿನ್ನ.

ಕೆಂಪುಧೂಳು_ಸಂಡೂರು

ಮಾಹಿತಿಗೆ ಧನ್ಯವಾದ, ಆದರೆ ಬಿಸಿಲುಗುದುರೆ ತೋರಿಸಬೇಡಿ. ಗುಜರಾತಿನ ಮುಂದ್ರಾ ನೆನಪಿರಲಿ. 4000 ಮೆಗಾವಾಟ್ ಕಲ್ಲಿದ್ದಲು ಸ್ಥಾವರಕ್ಕೆ 2008ರಲ್ಲಿ ಐಎಫ್‌ಸಿ 45 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಬಿಸಿ ನೀರಿನಿಂದ ಮೀನು ಹೋಯಿತು, ಬೂದಿ ಬಿತ್ತು ಅಂತ ಮೀನುಗಾರರು 2011ರಲ್ಲಿ ಐಎಫ್‌ಸಿಯದೇ ದೂರು ಕಚೇರಿ ಸಿಎಒಗೆ ಹೋದರು. ಐಎಫ್‌ಸಿ ತನ್ನ ನಿಯಮ ತಾನೇ ಸರಿಯಾಗಿ ಪಾಲಿಸಿಲ್ಲ ಅಂತ ತನಿಖೆಯಲ್ಲಿ ಬಂತು. ಬಂದು ಏನಾಯಿತು? ಪರಿಹಾರ ಕೊಡಿಸುವ ಅಧಿಕಾರ ಸಿಎಒಗೆ ಇಲ್ಲ.

ಅವರು 2015ರಲ್ಲಿ ಅಮೆರಿಕದ ಕೋರ್ಟಿಗೆ ಹೋದರು. 2019ರ ಫೆಬ್ರವರಿ 27ರಂದು ಅಲ್ಲಿನ ಸುಪ್ರೀಂ ಕೋರ್ಟ್ 7–1ರಿಂದ, ಇಂಥ ಸಂಸ್ಥೆಗಳಿಗೆ ಮೊಕದ್ದಮೆಯಿಂದ ಸಂಪೂರ್ಣ ರಕ್ಷಾಕವಚ ಇಲ್ಲ ಅಂತು. ಪತ್ರಿಕೆಗಳಲ್ಲಿ ಹಬ್ಬವೋ ಹಬ್ಬ. ಮುಂದೆ ಕೆಳಗಿನ ಕೋರ್ಟು, ದೂರಿನ ತಿರುಳು ಭಾರತದಲ್ಲಿ ನಡೆದದ್ದು, ಅಮೆರಿಕದಲ್ಲಿ ನಡೆದ ವ್ಯವಹಾರ ಅಲ್ಲ ಅಂತ ವಜಾ ಮಾಡಿತು. 2021ರಲ್ಲಿ ಮೇಲ್ಮನವಿಯೂ ಬಿತ್ತು. ಹತ್ತು ವರ್ಷ. ಕುಕನೂರಿನ ಕಡಲೆ ಹತ್ತು ವರ್ಷ ಕಾಯುತ್ತದಾ?

ನಿಯಮ_ನೋಡು

ಕೆಂಪುಧೂಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಮುಂದ್ರಾದಲ್ಲಿ ಕೇಳಿದ್ದು ಕಟ್ಟಿ ನಿಂತ ಸ್ಥಾವರದ ವಿರುದ್ಧ ನಷ್ಟ ಪರಿಹಾರ. ಕುಕನೂರಿನಲ್ಲಿ ಕೇಳುತ್ತಿರುವುದು ದಾರಿಯಡಿ ನಾಲ್ಕು ಪೈಪು. ಈ ಕಚೇರಿಗಳು ದೊಡ್ಡ ನ್ಯಾಯ ಕೊಟ್ಟದ್ದು ಅಪರೂಪ, ಸಣ್ಣ ದುರಸ್ತಿ ಮಾಡಿಸಬಲ್ಲವು. ಸಾಲ ಇನ್ನೂ ಪೂರ್ತಿ ಬಿಡುಗಡೆ ಆಗದಿದ್ದಾಗ ಬರೆದ ಪತ್ರಕ್ಕೆ ಇರುವ ತೂಕವೇ ಬೇರೆ.

ಯಾರ ಬಾಗಿಲು ಯಾವುದು ಅಂತ ಹೇಳಿಬಿಡುತ್ತೇನೆ. ಐಎಫ್‌ಸಿ ದುಡ್ಡಾದರೆ ಸಿಎಒ, ಅಲ್ಲಿ ಒಬ್ಬ ವ್ಯಕ್ತಿಯೂ ದೂರು ಕೊಡಬಹುದು. ಸರ್ಕಾರಕ್ಕೆ ಕೊಟ್ಟ ವಿಶ್ವಬ್ಯಾಂಕ್ ಸಾಲವಾದರೆ ಪರಿಶೀಲನಾ ಮಂಡಳಿ, ಕನಿಷ್ಠ ಇಬ್ಬರು ಬೇಕು, ಯೋಜನೆ ಮುಗಿದ 15 ತಿಂಗಳವರೆಗೆ ಅವಕಾಶ. ಈ ಮಂಡಳಿ ಹುಟ್ಟಿದ್ದೇ ನರ್ಮದೆಯಿಂದ: ಸರ್ದಾರ್ ಸರೋವರದ ಬಗ್ಗೆ ಮೋರ್ಸ್ ಆಯೋಗ 1992ರಲ್ಲಿ ವರದಿ ಕೊಟ್ಟಿತು, 1993ರಲ್ಲಿ ಭಾರತ ಉಳಿದ ಸಾಲವನ್ನೇ ಬೇಡವೆಂದಿತು, ಅದೇ ವರ್ಷ ಮಂಡಳಿ ಸ್ಥಾಪನೆಯಾಯಿತು. ಎಡಿಬಿಯಲ್ಲಿ 2012ರ ನೀತಿಯ ಪ್ರಕಾರ ಕನಿಷ್ಠ ಇಬ್ಬರು, ಸಾಲ ಮುಕ್ತಾಯವಾಗಿ 2 ವರ್ಷದೊಳಗೆ. ಆದರೆ ಅಲ್ಲಿ ಮೊದಲು ಎಡಿಬಿಯ ಯೋಜನಾ ವಿಭಾಗದ ಜತೆಗೇ ಮಾತಾಡಿ ಬಗೆಹರಿಸಲು ಯತ್ನಿಸಿದ್ದಕ್ಕೆ ಪುರಾವೆ ಇರಲೇಬೇಕು. ಇಲ್ಲದಿದ್ದರೆ ದೂರು ವಾಪಸ್. ಎಐಐಬಿಗೂ 2019ರಿಂದ ಇಂಥದೊಂದು ವ್ಯವಸ್ಥೆ ಇದೆ. ಎಲ್ಲೂ ಶುಲ್ಕವಿಲ್ಲ, ವಕೀಲ ಬೇಕಿಲ್ಲ. ಸಿಎಒಗೆ ಕನ್ನಡದಲ್ಲೇ ಬರೆಯಬಹುದು.

ಇನ್ನು ದೂರು ನಿಜಕ್ಕೂ ಸಾಯುವುದು ಎಲ್ಲಿ ಅಂದರೆ ಮರುಸಾಲದಲ್ಲಿ. ಫ್ಯಾನ್ ತಿರುಗಲು ಶುರುವಾಗಿ ವಿದ್ಯುತ್ ಮಾರಾಟದ ದುಡ್ಡು ಬರತೊಡಗಿದರೆ ಯೋಜನೆಯ ಅಪಾಯ ಇಳಿಯುತ್ತದೆ. ಆಗ ಕಡಿಮೆ ಬಡ್ಡಿಗೆ ನಮ್ಮ ದೇಶದ ಸಂಸ್ಥೆಯೊಂದರಿಂದ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸುತ್ತಾರೆ. ವಿದೇಶಿ ಸಂಸ್ಥೆ ಹೊರಗೆ ಹೋಯಿತು, ಅದರ ಹಿಂದೆ ಅದರ ಮಾನದಂಡವೂ ಹೋಯಿತು. ಸಿಎಒ ನೀತಿಯಲ್ಲಿ ಹೊರನಡೆದ 15 ತಿಂಗಳೊಳಗಿನ ದೂರನ್ನು ವಿಶೇಷ ಸಂದರ್ಭದಲ್ಲಿ ತೆಗೆದುಕೊಳ್ಳಲು ಅವಕಾಶ ಇದೆ, ಅದನ್ನೇ ನಂಬಿ ಕೂರಬಾರದು. ಚಾರ್ಜ್ ಪಟ್ಟಿಯಲ್ಲಿ ‘ತೀರುವಳಿ’ ದಿನಾಂಕ ಬಿದ್ದಿದೆಯಾ ಅಂತ ಮೊದಲು ನೋಡಿ.

ಬಲದಂಡೆ_ತೂಬು

ಎಡಿಬಿ ಮಾತು ಬಂದಿದ್ದಕ್ಕೆ. ನಮ್ಮ ಮನೆ ಬಾಗಿಲಲ್ಲೇ ಇರುವ ಉದಾಹರಣೆ ವಿಜಯನಗರ ಕಾಲುವೆಗಳು. ಅವುಗಳ ಆಧುನೀಕರಣಕ್ಕೆ 9.1 ಕೋಟಿ ಡಾಲರ್ ಎಡಿಬಿ ಸಾಲಕ್ಕೆ 2019ರ ಡಿಸೆಂಬರಿನಲ್ಲಿ ಸಹಿ ಬಿತ್ತು. ರಾಯ, ಬಸವಣ್ಣ, ತುರ್ತು, ಆನೆಗೊಂದಿ, ಗಂಗಾವತಿ, ಕಂಪ್ಲಿ ಕಾಲುವೆ ಇವೆಲ್ಲ ಆ ಗುಂಪಿನವು. ಕೆಲವು ಹಂಪಿಯ ಸ್ಮಾರಕಗಳ ನಡುವೆಯೇ ಹರಿಯುತ್ತವೆ. ಒಡ್ಡುಗಳಿರುವ ತುಂಗಭದ್ರಾ ಹೊಳೆಯ ಪಾತ್ರದಲ್ಲೇ 2015ರಲ್ಲಿ ಘೋಷಿಸಿದ ನೀರುನಾಯಿ ಸಂರಕ್ಷಣಾ ಮೀಸಲು ಇದೆ, ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ.

ಇಲ್ಲಿ ನೈತಿಕ ಪ್ರಶ್ನೆ ಪುಸ್ತಕದಲ್ಲಿ ಇರುವಷ್ಟು ಸರಳ ಅಲ್ಲ. ಕಾಲುವೆಗೆ ಕಾಂಕ್ರೀಟ್ ಹಾಸಿದರೆ ನೀರು ಉಳಿಯುತ್ತದೆ, ಕೊನೆ ಭಾಗದ ರೈತನಿಗೆ ತಲುಪುತ್ತದೆ. ಸರಿ. ಆದರೆ ಇಂಗಿ ಹೋಗುತ್ತಿದ್ದ ನೀರು ಪೋಲಾಗುತ್ತಿರಲಿಲ್ಲ, ಅದೇ ಪಕ್ಕದ ಬಾವಿ, ಬೋರು, ಬಾಳೆ ತೋಟಕ್ಕೆ ಸಿಗುತ್ತಿತ್ತು. ಉಳಿತಾಯ ಅಂತ ಕಾಗದದಲ್ಲಿ ಬರೆದದ್ದು ಒಬ್ಬನಿಂದ ತೆಗೆದು ಇನ್ನೊಬ್ಬನಿಗೆ ಕೊಟ್ಟದ್ದು. ಕೊಡಬೇಕಾದ ಕಡೆಗೇ ಕೊಟ್ಟಿರಬಹುದು, ಆದರೆ ಲೆಕ್ಕದಲ್ಲಿ ಇಬ್ಬರೂ ಕಾಣಬೇಕು.

ತಾಂತ್ರಿಕವಾಗಿ ಹಾಸು ಎಲ್ಲಿ ಕೆಡುತ್ತದೆ ಅಂದರೆ, ಎರಡೂ ಬದಿ ಭತ್ತದ ಗದ್ದೆ ಇರುವ ಕಡೆ ಅಂತರ್ಜಲ ಮೇಲೇ ನಿಂತಿರುತ್ತದೆ. ಕಾಲುವೆ ತುಂಬಿದ್ದಾಗ ಒಳಗಿನ ನೀರು ಹಾಸನ್ನು ಒತ್ತಿ ಹಿಡಿಯುತ್ತದೆ. ನೀರು ಬಂದ್ ಮಾಡಿದ ದಿನ ಒಳಗಿನ ಭಾರ ಹೋಯಿತು, ಹಿಂದಿನ ನೀರು ಹಾಗೇ ಇದೆ. ಹಾಸಿನ ಹಲಗೆ ಹಿಂದಿನಿಂದ ಎದ್ದು ಬಿರಿಯುತ್ತದೆ. ಅದಕ್ಕೇ ಒತ್ತಡ ಇಳಿಸುವ ರಂಧ್ರ, ಅದರ ಹಿಂದೆ ಜಲ್ಲಿ ಮರಳಿನ ಸೋಸು ಪದರ ಬೇಕು. ರಂಧ್ರ ಇಟ್ಟು ಸೋಸು ಪದರ ಹಾಕದಿದ್ದರೆ ಮಣ್ಣು ತೊಳೆದು ಹಾಸಿನ ಹಿಂದೆ ಪೊಳ್ಳು ಬೀಳುತ್ತದೆ, ಇದು ಮೊದಲಿನದಕ್ಕಿಂತ ಕೆಟ್ಟದ್ದು. ಇನ್ನೊಂದು, ಈ ಕಾಲುವೆಗಳಲ್ಲಿ ವರ್ಷದ ಹೆಚ್ಚಿನ ಕಾಲ ನೀರು ಇರುತ್ತದೆ, ಕೆಲಸಕ್ಕೆ ಸಿಗುವುದು ಸಣ್ಣ ಅವಧಿ. ಅವಸರದಲ್ಲಿ ಕಾಂಕ್ರೀಟಿಗೆ ನೀರುಣಿಸುವ ದಿನ ಕತ್ತರಿಸಬಾರದು. ಎಡಿಬಿಗೆ ಪರಿಸರ ಮೇಲ್ವಿಚಾರಣಾ ವರದಿ ನಿಯಮಿತವಾಗಿ ಹೋಗಬೇಕು, ಅದು ಅವರ ಜಾಲತಾಣದಲ್ಲೂ ಬರುತ್ತದೆ. ಆಸಕ್ತಿ ಇರುವವರು ‘ಪರಂಪರೆ’ ಮತ್ತು ‘ಅಂತರ್ಜಲ’ ಎರಡು ಕಲಂ ಮಾತ್ರ ಓದಿ, ಎಷ್ಟು ಸಾಲು ಬರೆದಿದ್ದಾರೆ ನೋಡಿ.

ದೇವದುರ್ಗ_ಹತ್ತಿ

ನಾವು ಬರೀ ಹಾನಿ ತಿಂದವರು ಅಂತ ಮಾತಾಡುತ್ತೇವೆ. ಕೃಷ್ಣಾ ಮೇಲ್ದಂಡೆಯನ್ನೂ ನೆನೆಯಿರಿ. ವಿಶ್ವಬ್ಯಾಂಕ್ ಸಾಲದ ಯೋಜನೆ, ಪುನರ್ವಸತಿ ಹಿಂದೆ ಬಿದ್ದಿದೆ ಅಂತ 1990ರ ದಶಕದಲ್ಲಿ ಬ್ಯಾಂಕು ಹಣ ತಡೆಹಿಡಿದಿತ್ತು. ಮುಳುಗಿದ್ದು ಬಾಗಲಕೋಟೆ ಕಡೆಯ ಊರುಗಳು. ನಾರಾಯಣಪುರ ಬಲದಂಡೆಯ ನೀರು ಹರಿದದ್ದು ನಮ್ಮ ಲಿಂಗಸುಗೂರು, ದೇವದುರ್ಗಕ್ಕೆ. ಹಣ ನಿಂತಾಗ ನಮ್ಮ ಕಡೆಯವರು ಬ್ಯಾಂಕನ್ನು ಬೈದಿದ್ದರೆ ತಪ್ಪು ಅನ್ನಲಾರೆ, ನೀರು ತಡವಾಯಿತಲ್ಲ. ಆದರೆ ಮುಳುಗಿದವರ ಮನೆಗೆ ದುಡ್ಡು ಮುಟ್ಟಲಿ ಅಂತ ತಡೆದದ್ದೂ ಸರಿಯೇ. ಎರಡೂ ಒಟ್ಟಿಗೆ ನಿಜ ಆಗಿರಬಹುದು.

ಲೆಕ್ಕದ_ಬುಕ್ಕು

ಹಣ ತಡೆದರೆ ಖರ್ಚು ಯಾರ ತಲೆಗೆ ಅನ್ನುವುದು ಗೊತ್ತಿರಲಿ, ಅಧಿಕಾರಿಗಳು ಈ ನಿಯಮಗಳನ್ನು ಕಂಡರೆ ಯಾಕೆ ಮುಖ ಸಿಂಡರಿಸುತ್ತಾರೆ ಅಂತ ಆಗ ಅರ್ಥ ಆಗುತ್ತದೆ.

ಎಡಿಬಿ ಸಾಲದಲ್ಲಿ ಇನ್ನೂ ಎತ್ತದ ಮೊತ್ತದ ಮೇಲೆ ವರ್ಷಕ್ಕೆ ಶೇ 0.15 ಬದ್ಧತಾ ಶುಲ್ಕ. ವಿಶ್ವಬ್ಯಾಂಕಿನದು ಶೇ 0.25. 9.1 ಕೋಟಿ ಡಾಲರ್ ಪೂರ್ತಿ ಎತ್ತದೆ ಒಂದು ವರ್ಷ ಕೂತರೆ 1,36,500 ಡಾಲರ್, ಡಾಲರ್ 85 ರೂಪಾಯಿ ಅಂತ ಹಿಡಿದರೆ ಸುಮಾರು 1.16 ಕೋಟಿ ರೂಪಾಯಿ. ಕೆಲಸ ಒಂದು ಬುಟ್ಟಿ ಮಣ್ಣೂ ಆಗಿರುವುದಿಲ್ಲ.

ಇದಕ್ಕಿಂತ ದೊಡ್ಡದು ರೂಪಾಯಿ ಇಳಿತ. 2005ರಿಂದ ಕೇಂದ್ರವು ವಿದೇಶಿ ಸಾಲವನ್ನು ಕರ್ನಾಟಕದಂಥ ರಾಜ್ಯಗಳಿಗೆ ಬಂದ ಷರತ್ತಿನಲ್ಲೇ ದಾಟಿಸುತ್ತದೆ, ಅಂದರೆ ವಿನಿಮಯ ದರದ ಏರಿಳಿತ ರಾಜ್ಯದ್ದೇ. 2019ರ ಕೊನೆಗೆ ಡಾಲರ್ 71ರ ಆಸುಪಾಸು ಇತ್ತು. ಆ ದರದಲ್ಲಿ 9.1 ಕೋಟಿ ಡಾಲರ್ ಅಂದರೆ 646 ಕೋಟಿ ರೂಪಾಯಿ. 85ಕ್ಕೆ 773 ಕೋಟಿ. ಹಣ ಕಂತಿನಲ್ಲಿ ಬರುತ್ತದೆ, ಕಂತಿನಲ್ಲೇ ತೀರುತ್ತದೆ, ಹಾಗಾಗಿ ನಿಜವಾದ ವ್ಯತ್ಯಾಸ ಇಷ್ಟೇ ಅಂತ ಹೇಳಲಾಗದು, ದಿಕ್ಕು ಮಾತ್ರ ಇದೇ. ಬಡ್ಡಿ ಕಡಿಮೆ ಅಂತ ಹೇಳುವ ಯಾವ ಭಾಷಣದಲ್ಲೂ ಈ ಸಾಲು ಇರುವುದಿಲ್ಲ. ಸುಧಾರಣೆ ಆಗಬೇಕಾದ ಮೊದಲ ಜಾಗ ಇದು ಅಂತ ನನ್ನ ಅಭಿಪ್ರಾಯ: ರೂಪಾಯಿಯಲ್ಲಿ ದುಡಿಯುವ ಕಾಲುವೆಗೆ ರೂಪಾಯಿಯಲ್ಲೇ ಸಾಲ.

ಕೆಂಪುಧೂಳು_ಸಂಡೂರು

ಸುಧಾರಣೆ ಅಂದಿರಲ್ಲ. 1991ರ ಡಿಸೆಂಬರಿನಲ್ಲಿ ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞ ಲಾರೆನ್ಸ್ ಸಮ್ಮರ್ಸ್ ಸಹಿ ಹಾಕಿದ ಒಂದು ಟಿಪ್ಪಣಿ ಆಮೇಲೆ ಹೊರಬಿತ್ತು. ಕೊಳೆ ಕಾರ್ಖಾನೆಗಳು ಬಡ ದೇಶಗಳಿಗೆ ಹೋಗುವುದು ಲೆಕ್ಕಾಚಾರದಲ್ಲಿ ಸರಿ, ಅಲ್ಲಿ ಕೂಲಿ ಕಡಿಮೆ, ಜನ ಕಾಯಿಲೆ ಬಿದ್ದರೆ ಆಗುವ ನಷ್ಟವೂ ಕಡಿಮೆ ಅಂತ ಅದರ ವಾದ. ವ್ಯಂಗ್ಯಕ್ಕೆ ಬರೆದದ್ದು ಅಂತ ಆಮೇಲೆ ಹೇಳಿದರು. 2023ರಲ್ಲಿ ಭಾರತದ ಜಿ-20 ಅಧ್ಯಕ್ಷತೆಯಲ್ಲಿ ಇದೇ ಬ್ಯಾಂಕುಗಳ ಸುಧಾರಣೆಗೆ ತಜ್ಞರ ಗುಂಪು ರಚಿಸಿದಾಗ ಎನ್.ಕೆ. ಸಿಂಗ್ ಜತೆ ಸಹ ನೇತೃತ್ವ ಯಾರದ್ದು? ಅದೇ ಸಮ್ಮರ್ಸ್. ಕಾರ್ಖಾನೆ ಧೂಳು ಬೀಳುವ ಗಿಣಿಗೇರಿಯಲ್ಲಿ ಬಟ್ಟೆ ಒಣಹಾಕುವವರಿಗೆ ಆ ಟಿಪ್ಪಣಿ ವ್ಯಂಗ್ಯವಾಗಿ ಕಾಣುವುದಿಲ್ಲ.

ಈಗಿನ ಸುಧಾರಣೆಯ ತೂಕ ಎಲ್ಲ ‘ಹೆಚ್ಚು ಸಾಲ, ಬೇಗ ಸಾಲ’ದ ಕಡೆಗೇ ಇದೆ. ಬಂಡವಾಳಕ್ಕೂ ಸಾಲಕ್ಕೂ ಇರಬೇಕಾದ ಕನಿಷ್ಠ ಪ್ರಮಾಣವನ್ನು ವಿಶ್ವಬ್ಯಾಂಕ್ ಶೇ 20ರಿಂದ 2023ರಲ್ಲಿ 19ಕ್ಕೆ, 2024ರಲ್ಲಿ 18ಕ್ಕೆ ಇಳಿಸಿತು. ಯೋಜನೆ ಮಂಜೂರಿಗೆ ಸರಾಸರಿ 19 ತಿಂಗಳು ಹಿಡಿಯುತ್ತಿತ್ತು, 12ಕ್ಕೆ ತರುತ್ತೇವೆ ಅಂದರು ವಿಶ್ವಬ್ಯಾಂಕ್ ಅಧ್ಯಕ್ಷ ಅಜಯ್ ಬಂಗಾ. ಏಳು ತಿಂಗಳು ಎಲ್ಲಿಂದ ಕಡಿಯುತ್ತಾರೆ? ವಾಷಿಂಗ್ಟನ್ನಿನ ಊಟದ ಬಿಡುವಿನಿಂದ ಅಲ್ಲವಲ್ಲ.

ಇನ್ನೊಂದು ಕಳ್ಳದಾರಿ ಮಧ್ಯವರ್ತಿ ಬ್ಯಾಂಕು. ಅಭಿವೃದ್ಧಿ ಬ್ಯಾಂಕು ನಮ್ಮ ಖಾಸಗಿ ಬ್ಯಾಂಕಿಗೆ ದುಡ್ಡು ಕೊಡುತ್ತದೆ, ಅದು ಯಾವ ಸ್ಪಾಂಜ್ ಐರನ್ ಘಟಕಕ್ಕೆ ಕೊಟ್ಟಿತು ಅನ್ನುವುದು ಗ್ರಾಹಕರ ಗೋಪ್ಯತೆ. ಲೆಕ್ಕದಬುಕ್ಕು ಹೇಳಿದ ಚಾರ್ಜ್ ಪಟ್ಟಿ ಅಲ್ಲಿಗೆ ನಿಲ್ಲುತ್ತದೆ.

ನಿಯಮ_ನೋಡು

ಧೂಳಿಗೆ ಉಪಯೋಗ ಆಗುವ ಒಂದು ಲೆಕ್ಕ ಹೇಳಬೇಕಿತ್ತು. ವಿಶ್ವಬ್ಯಾಂಕ್ ಗುಂಪಿನ ಮಾರ್ಗಸೂಚಿಯ ಪ್ರಕಾರ ಒಂದೇ ಯೋಜನೆ ಗಾಳಿಯ ಗುಣಮಟ್ಟದ ಮಿತಿಯ ಶೇ 25ಕ್ಕಿಂತ ಹೆಚ್ಚು ತಾನೇ ತುಂಬಬಾರದು, ಮುಂದೆ ಬರುವವರಿಗೂ ಜಾಗ ಉಳಿಯಲಿ ಅಂತ. ನಮ್ಮ 2009ರ ಮಾನಕದಲ್ಲಿ ಪಿಎಂ10ರ (ಉಸಿರಿನ ಜತೆ ಒಳಹೋಗುವ ಸಣ್ಣ ಧೂಳು) ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಅಂದರೆ ಒಂದು ಕಾರ್ಖಾನೆಯ ಪಾಲು ಹೆಚ್ಚೆಂದರೆ 15. ಈಗಾಗಲೇ 60 ದಾಟಿದ ಕಡೆ ಹೊಸ ಹೊರೆಯನ್ನು ಬೇರೆ ಕಡೆ ಇಳಿಸಿ ಸರಿದೂಗಿಸುವ ದಾರಿ ತೋರಿಸಬೇಕು. ಅಹವಾಲು ಸಭೆಯಲ್ಲಿ ‘ಮಾಲಿನ್ಯ ಆಗುತ್ತದೆ’ ಅನ್ನುವ ಬದಲು ‘ನಿಮ್ಮ ವರದಿಯಲ್ಲಿ ನಿಮ್ಮ ಚಿಮಣಿಯ ಪಾಲು ಎಷ್ಟು, ಅದು 15ರ ಒಳಗಿದೆಯಾ’ ಅಂತ ಕೇಳಿ. ವಿದೇಶಿ ಸಾಲ ಇಲ್ಲದಿದ್ದರೂ ಕೇಳಿ, ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ.

ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮೂಲಕ ಬಂದ ಜಮೀನಿಗೂ ಒಂದು ಮಾತು. ಸರ್ಕಾರ ಸ್ವಾಧೀನ ಮಾಡಿ ಕೊಟ್ಟಿತು, ನಮಗೇನೂ ಸಂಬಂಧ ಇಲ್ಲ ಅನ್ನುವಂತಿಲ್ಲ. ಸರ್ಕಾರದ ಪರಿಹಾರಕ್ಕೂ ಮಾನದಂಡಕ್ಕೂ ಇರುವ ಅಂತರವನ್ನು ಸಾಲ ಪಡೆದ ಕಂಪನಿ ತುಂಬಬೇಕು ಅಂತ 5ನೇ ಮಾನದಂಡದಲ್ಲೇ ಇದೆ.

ಎರಿಹೊಲ_ಕುಕನೂರು

ಚಾರ್ಜ್ ಪಟ್ಟಿ ತಗದ್ವಿ. ಟ್ರಸ್ಟಿ ಹೆಸರೇ ಐತಿ, ತೀರುವಳಿ ಆಗಿಲ್ಲ. ಒಳಗಿನ ಅನುಬಂಧದಾಗ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಐತಿ ರೀ. ಹೆಸರು ಇಲ್ಲಿ ಹಾಕಂಗಿಲ್ಲ. ಈಗ ಪತ್ರದಾಗ ಏನ್ ಬರೀಬೇಕು?

ನಿಯಮ_ನೋಡು

ಹೆಸರು ಹಾಕದಿದ್ದುದೇ ಒಳ್ಳೆಯದು. ಪತ್ರ ಎರಡು ಪುಟ ಮೀರಬಾರದು.

ಮೊದಲ ಪ್ಯಾರಾದಲ್ಲಿ ಯಾರು, ಯಾವ ಊರು, ಎಷ್ಟು ಜನ. ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು, ಆದರೆ ಹೆಸರೇ ಇಲ್ಲದ ಅನಾಮಧೇಯ ಪತ್ರ ತೆಗೆದುಕೊಳ್ಳುವುದಿಲ್ಲ. ಎರಡನೆಯದರಲ್ಲಿ ಯೋಜನೆ, ಮರಿ ಕಂಪನಿ, ತಾಯಿ ಕಂಪನಿ. ಮೂರನೆಯದರಲ್ಲಿ ಹಾನಿ: ದಾರಿಯ ಉದ್ದ, ಎತ್ತರ, ಯಾವ ತಾರೀಖು ಎಷ್ಟು ಮಳೆ, ಎಷ್ಟು ದಿನ ನೀರು ನಿಂತಿತು, ಎಷ್ಟು ಎಕರೆ. ಮಳೆ ಲೆಕ್ಕ ನೀವು ಹೇಳಿದರೆ ನಂಬುವುದಿಲ್ಲ, ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರವಾದ ಕೆಎಸ್‌ಎನ್‌ಡಿಎಂಸಿ ಮಳೆಮಾಪಕದ ಅಂಕಿ ಹಾಕಿ. ಫೋಟೋದಲ್ಲಿ ದಿನಾಂಕ, ಸ್ಥಳದ ಅಕ್ಷಾಂಶ ರೇಖಾಂಶ ಬರುವ ಹಾಗೆ ತೆಗೆಯಿರಿ, ದಾರಿಯ ಎರಡೂ ಬದಿ ಒಂದೇ ಫೋಟೋದಲ್ಲಿ ಬರಲಿ: ಈ ಕಡೆ ನೀರು, ಆ ಕಡೆ ಒಣ. ಆ ಒಂದು ಫೋಟೋ ಹತ್ತು ಪುಟಕ್ಕೆ ಸಮ.

ಆಮೇಲೆ ಕಂಪನಿಗೆ ಯಾವಾಗ ಹೇಳಿದಿರಿ, ಏನು ಉತ್ತರ. ಬಾಯಿಮಾತಿನಲ್ಲಿ ಹೇಳಿದ್ದರೆ ಇವತ್ತೇ ರಿಜಿಸ್ಟರ್ ಅಂಚೆಯಲ್ಲಿ ಒಂದು ಕಳಿಸಿ, ಎರಡು ವಾರ ಬಿಟ್ಟು ಮುಂದಿನ ಪತ್ರ. ಕೊನೆಗೆ ಏನು ಬೇಕು. ಸಿಎಒದಲ್ಲಿ ಎರಡು ದಾರಿ ಇವೆ, ಕೂತು ಬಗೆಹರಿಸುವುದು ಮತ್ತು ತನಿಖೆ. ನಿಮಗೆ ಮೊದಲನೆಯದು ಸಾಕು. ಅರ್ಹತೆ ನೋಡಲು ಅವರಿಗೆ 15 ಕೆಲಸದ ದಿನ, ನಂತರ ಪರಿಸ್ಥಿತಿ ಅರಿಯಲು 90 ಕೆಲಸದ ದಿನ.

ಲೀಸ್ ಬಾಡಿಗೆ ಕಡಿಮೆ ಆಯಿತು ಅನ್ನುವುದನ್ನು ಇದೇ ಪತ್ರದಲ್ಲಿ ಸೇರಿಸಬೇಡಿ. ವ್ಯಾಪಾರದ ತಕರಾರು ಅಂತ ಪಕ್ಕಕ್ಕಿಡಲು ಅವರಿಗೆ ನೆಪ ಸಿಗುತ್ತದೆ. ರಾಜಕೀಯದವರ ಲೆಟರ್‌ಹೆಡ್ಡೂ ಬೇಡ.

ಬಲದಂಡೆ_ತೂಬು

ಏನು ಬೇಕು ಅನ್ನುವಲ್ಲಿ ‘ನೀರು ಹೋಗಲು ವ್ಯವಸ್ಥೆ ಮಾಡಿ’ ಅಂತ ಬರೆದರೆ 300 ಮಿ.ಮೀ. ಪೈಪೊಂದು ಹೂಳಿ, ಫೋಟೋ ತೆಗೆದು, ಆಯಿತು ಅನ್ನುತ್ತಾರೆ. ಅಳತೆ ಬರೆಯಿರಿ.

ದಾರಿಗೆ ನೀರು ತರುವ ಮೇಲಿನ ಹೊಲ 10 ಎಕರೆ ಅಂತ ಹಿಡಿಯಿರಿ. ಗಂಟೆಯಲ್ಲಿ 50 ಮಿ.ಮೀ. ಸುರಿದರೆ ಬೀಳುವ ನೀರು ಸುಮಾರು 2000 ಘನ ಮೀಟರ್. ಎರೆ ನೆನೆದ ಮೇಲೆ ಅರ್ಧವಾದರೂ ಹರಿಯುತ್ತದೆ, ಸೆಕೆಂಡಿಗೆ 0.28 ಘನ ಮೀಟರ್. 600 ಮಿ.ಮೀ. ಹ್ಯೂಮ್ ಪೈಪು ತುಂಬಿ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿದರೆ ಸರಿಯಾಗಿ ಅಷ್ಟೇ ದಾಟಿಸುತ್ತದೆ. 300ರದ್ದು ಅದರ ಕಾಲು ಭಾಗ, ಅದೂ ಮೊದಲ ಮಳೆಯ ಹೂಳು, ತೊಗರಿ ಕಟ್ಟಿಗೆ ಸಿಕ್ಕಿಕೊಳ್ಳುವವರೆಗೆ. ಹಾಗಾಗಿ ಪ್ರತಿ 10 ಎಕರೆಗೆ ಕನಿಷ್ಠ ಒಂದು 600.

ಪೈಪಿನ ತಳ ಹೊಲದ ಮಟ್ಟಕ್ಕೇ ಇರಬೇಕು. ಅರ್ಧ ಫೂಟು ಮೇಲೆ ಕೂಡಿಸಿದರೆ ಅರ್ಧ ಫೂಟು ನೀರು ಹೊಲದಲ್ಲೇ ಉಳಿಯುತ್ತದೆ. ಕಡಲೆಗೆ ಎರಡು ಮೂರು ದಿನ ಅಷ್ಟು ನಿಂತರೆ ಸಾಕು, ಬೇರು ಹೋಯಿತು. ಎಲ್ಲಕ್ಕಿಂತ ಮುಖ್ಯ, ಬಾಯಿ ತೆರೆಯುವ ಕಡೆ ಕಲ್ಲು ಹಾಸಿ ಅಲ್ಲಿಂದ ಹಳ್ಳದವರೆಗೆ ಕಾಲುವೆ ತೆಗೆಸಿ. ಮೊದಲು ಹೊಲದಗಲ ಹರಡಿ ಹೋಗುತ್ತಿದ್ದ ನೀರು ಈಗ ಒಂದೇ ಬಾಯಿಂದ ನುಗ್ಗುತ್ತದೆ, ಕೆಳಗಿನ ಹೊಲ ಕೊರೆದು ಬಿಡುತ್ತದೆ. ಆಗ ಕಂಪನಿ ಆರಾಮಾಗಿ ಕೂತಿರುತ್ತದೆ, ಮೇಲಿನವನೂ ಕೆಳಗಿನವನೂ ಬಡಿದಾಡುತ್ತಾರೆ. ಕೆಳಗಿನ ಹೊಲದವರ ಸಹಿಯೂ ಅದೇ ಪತ್ರದಲ್ಲಿ ಇರಲಿ.

ದೇವದುರ್ಗ_ಹತ್ತಿ

ಸಿರುಗುಪ್ಪ ಕಡೆ ಫ್ಯಾನ್ ಬಂದರೆ ಇದರ ಜತೆ ಜೀವವೈವಿಧ್ಯದ 6ನೇ ಮಾನದಂಡವನ್ನೂ ಓದಿಕೊಳ್ಳಿ. ಅಲ್ಲಿನ ಎರೆ ಬಯಲಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಇದೆ, ತೀವ್ರ ಅಪಾಯದಲ್ಲಿರುವ ಹಕ್ಕಿ. ತಂತಿಗೆ ಬಡಿದು ಸಾಯುತ್ತದೆ. ಹಕ್ಕಿ ಸಮೀಕ್ಷೆ ಎಷ್ಟು ಋತು ಮಾಡಿದ್ದಾರೆ ಅಂತ ಕೇಳಿ, ಒಂದೇ ಋತು ಅಂದರೆ ಅಲ್ಲೇ ಹಿಡಿಯಿರಿ.

ಎರಿಹೊಲ_ಕುಕನೂರು

ಕೆಳಗಿನ ಹೊಲದವ್ರ ಮಾತು ನಮಗ ಹೊಳದೇ ಇರಲಿಲ್ಲ. ಅವ್ರು ಮೂರು ಮಂದಿ, ಎಲ್ಲಾರೂ ಸಹಿ ಹಾಕ್ತೀವಿ ಅಂದಾರ. ಮ್ಯಾಲಿನ ಹೊಲ ಅಳದ್ವಿ, 23 ಎಕರೆ. ಹಂಗಾರ ಮೂರು ಪೈಪು ಕೇಳೂದಾ ತೂಬು ಅಣ್ಣಾರ?

ಬಲದಂಡೆ_ತೂಬು

ಮೂರು. ನೀರು ಈಗ ಎಲ್ಲಿ ನಿಲ್ಲುತ್ತದೋ ಅಲ್ಲೇ ಗೂಟ ಹೊಡೆದು ಫೋಟೋ ತೆಗೆಯಿರಿ, ಅವರಿಗೆ ಅನುಕೂಲವಾದ ಕಡೆ ಹಾಕಲು ಬಿಡಬೇಡಿ. ಪಹಣಿ ಲಗತ್ತಿಸುವಾಗ ಸರ್ವೆ ನಂಬರಿನ ಜತೆ ಹಿಸ್ಸಾ ನಂಬರೂ ಬರೆಯಿರಿ.